ಕೈ ಬದಲಾಗುತ್ತಾ ಉಳಿದ ಬ್ರೌಸರ್: ಲಿಂಕ್ಸ್ ಎಂಬ ಒಂದು ಪ್ರಕರಣ

ಯಾವುದೇ ಬ್ರೌಸರ್ ಒಂದು ವೆಬ್ ತಾಣದ ಬಾಗಿಲು ತಟ್ಟುವಾಗ ಮೊದಲು ತನ್ನ ಹೆಸರು ಹೇಳುತ್ತದೆ. ಕ್ರೋಮ್ ಹೇಳುತ್ತದೆ, ಫೈರ್‌ಫಾಕ್ಸ್ ಹೇಳುತ್ತದೆ. ಬರೀ ಅಕ್ಷರಗಳನ್ನು ಮಾತ್ರ ತೋರಿಸುವ ಲಿಂಕ್ಸ್ ಕೂಡ ಹೇಳುತ್ತದೆ. ಅದರ ಹೆಸರಿನ ಬಾಲದಲ್ಲಿ ಒಂದು ಪುಟ್ಟ ತುಣುಕು ಇದೆ: ‘ಲಿಬ್‌ಡಬ್ಲ್ಯುಡಬ್ಲ್ಯುಡಬ್ಲ್ಯು-ಎಫ್‌ಎಂ’. ಮೊದಲ ಭಾಗ, ವೆಬ್ ಹುಟ್ಟಿದ ಸರ್ನ್ ಸಂಸ್ಥೆಯವರು ಬರೆದು ಎಲ್ಲರಿಗೂ ಹಂಚಿದ ಕೋಡ್ ಸಂಗ್ರಹದ ಹೆಸರು. ಕೊನೆಯ ಎಫ್‌ಎಂ ಅಂದರೆ ಫೋಟಿಯೋಸ್ ಮ್ಯಾಕ್ರಿಡೀಸ್. ಒಬ್ಬ ಮನುಷ್ಯನ ಇನಿಷಿಯಲ್.

ಮ್ಯಾಕ್ರಿಡೀಸ್ ಲಿಂಕ್ಸ್ ಅನ್ನು ಶುರು ಮಾಡಿದವರಲ್ಲ. ಶುರು ಮಾಡಿದವರು ಬೇರೆ ಕೆಲಸಕ್ಕೆ ಹೊರಟಾಗ ಅದನ್ನು ಎತ್ತಿಕೊಂಡವರು. ಕೆಲವು ವರ್ಷ ಅದನ್ನು ಸಾಕಿ, ತಿದ್ದಿ, ಅವರೂ ಬೇರೆಯವರ ಕೈಗೆ ಬಿಟ್ಟರು. ಆದರೂ ಇವತ್ತು ಯಾರಾದರೂ ಲಿಂಕ್ಸ್ ತೆರೆದು ಒಂದು ಪುಟ ಕೇಳಿದರೆ ಆ ಎರಡು ಅಕ್ಷರ ಸರ್ವರ್‌ನ ದಾಖಲೆಗೆ ಬೀಳುತ್ತದೆ.

ಈ ಪ್ರಕರಣವನ್ನು ಬರೆಯಬೇಕು ಅನ್ನಿಸಿದ್ದು ಆ ಎರಡು ಅಕ್ಷರ ನೋಡಿದ ಮೇಲೆ. ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಓದಿ ತಿದ್ದಬಹುದಾದ ಕೋಡ್, ಅಂದ ಕೂಡಲೇ ನಾವೆಲ್ಲ ಶುರು ಮಾಡಿದವರ ಕಥೆ ಹೇಳುತ್ತೇವೆ. ಆಮೇಲೆ ಬಂದು ಕಸ ಗುಡಿಸಿದವರು, ಸೋರುವ ಮಾಡು ಕಟ್ಟಿದವರು ಕಥೆಯೊಳಗೆ ಬರುವುದೇ ಇಲ್ಲ. ಲಿಂಕ್ಸ್ 1992ರಲ್ಲಿ ಹುಟ್ಟಿತು. ಇವತ್ತಿಗೂ ದುರಸ್ತಿಯಲ್ಲಿರುವ ಬ್ರೌಸರ್‌ಗಳಲ್ಲಿ ಅದಕ್ಕಿಂತ ಹಳೆಯದು ಇನ್ನೊಂದಿಲ್ಲ. ಅದು ಹೇಗೆ ಸಾಧ್ಯವಾಯಿತು ಅನ್ನುವುದೇ ಇಲ್ಲಿನ ಪ್ರಶ್ನೆ.

ಕ್ಯಾನ್ಸಸ್‌ನ ಕ್ಯಾಂಪಸ್

ಅಮೆರಿಕದ ಲಾರೆನ್ಸ್ ಊರಿನಲ್ಲಿರುವ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಆಗ ಒಂದು ಸಣ್ಣ ತಂಡ ಇತ್ತು. ಕ್ಯಾಂಪಸ್‌ನ ಕಂಪ್ಯೂಟರ್ ಸೇವೆ ನೋಡಿಕೊಳ್ಳುವ ವಿಭಾಗದ ಒಳಗಿನ ತಂಡ. ಮೈಕಲ್ ಗ್ರೋಬ್, ಚಾರ್ಲ್ಸ್ ರೆಝಾಕ್ ಮತ್ತು ಲೂ ಮೊಂಟುಲ್ಲಿ. ಮೊಂಟುಲ್ಲಿ ಆಗ ಇನ್ನೂ ವಿದ್ಯಾರ್ಥಿ.

ಅವರಿಗೆ ಬ್ರೌಸರ್ ಮಾಡುವ ಯೋಚನೆ ಇರಲಿಲ್ಲ. ಬೇಕಿದ್ದದ್ದು ಕ್ಯಾಂಪಸ್‌ನ ಮಾಹಿತಿಯನ್ನು ಎಲ್ಲರಿಗೂ ಮುಟ್ಟಿಸುವ ಒಂದು ಸುಲಭ ದಾರಿ. ಪರೀಕ್ಷೆ ಯಾವಾಗ, ಯಾವ ವಿಭಾಗದ ಫೋನ್ ನಂಬರ್ ಏನು, ಈ ವಾರ ಏನೇನು ಕಾರ್ಯಕ್ರಮ, ಇಂಥವು. ಆ ಕಾಲಕ್ಕೆ ಇದಕ್ಕೆ ಗೋಫರ್ ಇತ್ತು. ಮಿನ್ನೆಸೋಟ ವಿಶ್ವವಿದ್ಯಾಲಯದವರು 1991ರಲ್ಲಿ ಬಿಟ್ಟದ್ದು. ಗೋಫರ್‌ನಲ್ಲಿ ಎಲ್ಲವೂ ಪಟ್ಟಿ. ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಇನ್ನೊಂದು ಪಟ್ಟಿ, ಕೊನೆಗೊಂದು ಕಡತ. ಓದುತ್ತಿರುವ ಸಾಲಿನ ಮಧ್ಯದಿಂದಲೇ ಇನ್ನೊಂದು ಕಡೆಗೆ ಹೋಗೋಕೆ ಆಗುತ್ತಿರಲಿಲ್ಲ.

ಕ್ಯಾನ್ಸಸ್ ತಂಡ ಈ ಕೊರತೆ ತುಂಬಿತು. ಸಾಲಿನ ನಡುವಿನ ಪದವನ್ನೇ ಕೊಂಡಿ ಮಾಡಿದರು. ಮೇಲೆ ಕೆಳಗೆ ಬಾಣದ ಕೀ ಒತ್ತಿದರೆ ಒಂದು ಕೊಂಡಿಯಿಂದ ಇನ್ನೊಂದಕ್ಕೆ. ಬಲಬಾಣ ಒತ್ತಿದರೆ ಒಳಗೆ, ಎಡಬಾಣ ಒತ್ತಿದರೆ ಹಿಂದಕ್ಕೆ. ಮೌಸ್ ಬೇಡ, ಚಿತ್ರ ತೋರಿಸುವ ಪರದೆ ಬೇಡ. ನಾಲ್ಕು ಬಾಣ ಗೊತ್ತಿದ್ದರೆ ಸಾಕು. ಇವತ್ತು ಲಿಂಕ್ಸ್ ತೆರೆದರೂ ಅದೇ ನಾಲ್ಕು ಬಾಣ. ಅಷ್ಟು ವರ್ಷದಲ್ಲಿ ಇದು ಬದಲಾಗಿಲ್ಲ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಮೊದಲ ಸಲವೇ ಸರಿಯಾಗಿ ಕೂತ ಕೆಲಸ ಅದು.

1992ರ ಜುಲೈನಲ್ಲಿ ಮೊದಲ ಬೀಟಾ, ಅಂದರೆ ಪರೀಕ್ಷೆಗೆ ಬಿಡುವ ಆವೃತ್ತಿ, ಹೊರಗೆ ಬಂತು. ಹೆಸರಿನಲ್ಲಿ ಒಂದು ಆಟ ಇದೆ. ಇಂಗ್ಲಿಷಿನಲ್ಲಿ ಬರೆದರೆ ಅದು ಒಂದು ಕಾಡುಬೆಕ್ಕಿನ ಹೆಸರು, ಕಿವಿಗೆ ಕೇಳಿದರೆ ಕೊಂಡಿಗಳು. ಕನ್ನಡದಲ್ಲಿ ಬರೆದಾಗ ಎರಡೂ ಒಂದೇ ಆಗಿಬಿಡುತ್ತದೆ. ಇದನ್ನು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಜೊತೆ ಕಲೆಸಬೇಡಿ, ಅದು ಬೇರೆ.

ಆಗ ಲಿಂಕ್ಸ್ ಓದುತ್ತಿದ್ದದ್ದು ತನ್ನದೇ ರೀತಿಯ ಕಡತಗಳನ್ನು, ಜೊತೆಗೆ ಗೋಫರ್ ಅನ್ನು. ವೆಬ್ ಇನ್ನೂ ಚಿಕ್ಕದಿತ್ತು. 1993ರ ಮಾರ್ಚ್‌ನಲ್ಲಿ ಮೊಂಟುಲ್ಲಿ ಸರ್ನ್‌ನ ಕೋಡ್ ಸಂಗ್ರಹವನ್ನು ಸೇರಿಸಿ 2.0 ಆವೃತ್ತಿ ಬಿಟ್ಟರು. ಅಲ್ಲಿಂದ ಲಿಂಕ್ಸ್ ವೆಬ್ ಬ್ರೌಸರ್ ಆಯಿತು. ಆ ಹೊತ್ತು ಎಂಥದ್ದು ನೋಡಿ. ಅದೇ ವಸಂತದಲ್ಲಿ ಮಿನ್ನೆಸೋಟದವರು ಗೋಫರ್ ಸರ್ವರ್‌ಗೆ ಶುಲ್ಕ ತೆಗೆದುಕೊಳ್ಳುತ್ತೇವೆ ಅಂದರು. ಏಪ್ರಿಲ್ 30ರಂದು ಸರ್ನ್ ವೆಬ್‌ನ ಕೋಡ್ ಅನ್ನು ಎಲ್ಲರ ಸ್ವತ್ತು ಅಂತ ಘೋಷಿಸಿತು. ಜನ ಯಾವ ಕಡೆ ಹೋಗುತ್ತಾರೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ. ಲಿಂಕ್ಸ್ ಮಾತ್ರ ಎರಡೂ ದೋಣಿಯಲ್ಲಿ ಕಾಲಿಟ್ಟೇ ಇತ್ತು, ಹಾಗಾಗಿ ಮುಳುಗಲಿಲ್ಲ. ಗೋಫರ್ ಓದುವ ಕೋಡ್ ಅದರಲ್ಲಿ ಇವತ್ತಿಗೂ ಇದೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ 2021ರಲ್ಲಿ ಕಡತ ಸಾಗಿಸುವ ಹಳೆಯ ವಿಧಾನವಾದ ಎಫ್‌ಟಿಪಿಯನ್ನೂ ತೆಗೆದುಹಾಕಿದವು. ಲಿಂಕ್ಸ್ ತೆಗೆದಿಲ್ಲ.

ಬರೆದವನು ಹೊರಟ

ಅದೇ 1993ರಲ್ಲಿ ಇಲಿನಾಯ್‌ನಿಂದ ಮೊಸಾಯಿಕ್ ಎಂಬ ಬ್ರೌಸರ್ ಬಂತು. ಸಾಲುಗಳ ಮಧ್ಯೆಯೇ ಚಿತ್ರ ತೋರಿಸಿತು. ಜನ ಮರುಳಾದರು. ಮರುವರ್ಷ ಮೊಸಾಯಿಕ್ ಮಾಡಿದವರಲ್ಲಿ ಹಲವರು ಸೇರಿ ನೆಟ್‌ಸ್ಕೇಪ್ ಕಂಪನಿ ಕಟ್ಟಿದರು. ಕ್ಯಾನ್ಸಸ್‌ನಿಂದ ಮೊಂಟುಲ್ಲಿಯನ್ನೂ ಕರೆದರು. ಅವರು ಹೋದರು.

ಇಲ್ಲಿ ಒಂದು ಸಣ್ಣ ಕಥೆ ಹೇಳಲೇಬೇಕು. ಮೊಂಟುಲ್ಲಿಯೇ ಆಮೇಲೆ ಬರೆದುಕೊಂಡಿರುವ ಕಥೆ. 1994ರಲ್ಲಿ ಒಂದು ಸಂಜೆ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಊರಿನ ಒಂದು ಬಾರ್‌ನಲ್ಲಿ ನೆಟ್‌ಸ್ಕೇಪ್ ಗೆಳೆಯರು ಕೂತಿದ್ದರು. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ಗೆ ಏನೇನು ಹೊಸದು ಸೇರಿಸಬಹುದು ಅಂತ ಮಾತು. ಇವೆಲ್ಲ ಲಿಂಕ್ಸ್‌ನಲ್ಲಿ ಕಾಣೋದೇ ಇಲ್ಲವಲ್ಲ ಅಂತ ಮೊಂಟುಲ್ಲಿಗೆ ಬೇಜಾರು. ಅಕ್ಷರದ ಪರದೆಯ ಮೇಲೆ ನಡೆಯಬಹುದಾದದ್ದು ಒಂದೇ, ಅಕ್ಷರ ಮಿಣುಕುವುದು ಅಂದರು. ಎಲ್ಲರೂ ನಕ್ಕರು. ಬೆಳಗ್ಗೆ ಬಂದು ನೋಡಿದರೆ ಅಲ್ಲಿದ್ದ ಒಬ್ಬ ಎಂಜಿನಿಯರ್ ರಾತ್ರಿಯೇ ಕೂತು ಅದನ್ನು ಮಾಡಿಟ್ಟಿದ್ದರು. ವೆಬ್‌ನಲ್ಲಿ ವರ್ಷಗಟ್ಟಲೆ ಕಣ್ಣು ಕುಕ್ಕಿದ ಬ್ಲಿಂಕ್ ಟ್ಯಾಗ್ ಹುಟ್ಟಿದ್ದು ಹೀಗೆ. ಫೈರ್‌ಫಾಕ್ಸ್ ಅದನ್ನು ಕೊನೆಗೆ 2013ರಲ್ಲಿ ತೆಗೆಯಿತು. ನೆಟ್‌ಸ್ಕೇಪ್‌ನಲ್ಲಿದ್ದಾಗಲೇ ಮೊಂಟುಲ್ಲಿ ಕುಕಿ ಅನ್ನುವುದನ್ನೂ, ಅಂದರೆ ತಾಣ ನಿಮ್ಮ ಬ್ರೌಸರ್‌ನಲ್ಲಿ ಇಡುವ ಪುಟ್ಟ ಗುರುತನ್ನೂ, ಕಂಡುಹಿಡಿದರು. ನಿಮ್ಮ ಬುಟ್ಟಿಯಲ್ಲಿ ಏನಿದೆ ಅಂತ ಅಂಗಡಿ ತಾಣಗಳು ನೆನಪಿಟ್ಟುಕೊಳ್ಳುವುದು ಆ ಕುಕಿಯಿಂದ.

ಸರಿ, ಲಿಂಕ್ಸ್ ಕಥೆ ಏನಾಯಿತು? ಮುಖ್ಯವಾಗಿ ಕೋಡ್ ಬರೆದವನು ಹೋದ. ಚಿತ್ರ ತೋರಿಸುವ ಬ್ರೌಸರ್‌ಗಳ ಕಾಲ ಬಂತು. ಇಂಥ ಹೊತ್ತಿನಲ್ಲಿ ಸಾವಿರಾರು ಪ್ರಾಜೆಕ್ಟ್‌ಗಳು ಸುಮ್ನೆ ಸತ್ತುಹೋಗುತ್ತವೆ. ಲಿಂಕ್ಸ್ ಸಾಯದೇ ಇದ್ದದ್ದಕ್ಕೆ ನನಗೆ ಎರಡು ಕಾರಣ ಕಾಣುತ್ತದೆ.

ಒಂದು, ಅದನ್ನು ದಿನಾ ಬಳಸುತ್ತಿದ್ದವರ ಹತ್ತಿರ ಅದರ ಕೋಡ್ ಇತ್ತು. ಮ್ಯಾಕ್ರಿಡೀಸ್ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಹತ್ತಿರದ ಒಂದು ಜೀವಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿದ್ದರು. ಅವರ ಯಂತ್ರದ ಆಪರೇಟಿಂಗ್ ಸಿಸ್ಟಂ ಯುನಿಕ್ಸ್ ಅಲ್ಲ, ವಿಎಂಎಸ್. ಲಿಂಕ್ಸ್ ಅನ್ನು ಅದಕ್ಕೆ ಒಗ್ಗಿಸುವ ಕೆಲಸದ ದೊಡ್ಡ ಪಾಲು ಅವರದು. ಗ್ಯಾರೆಟ್ ಬ್ಲೈತ್ 1994ರಲ್ಲಿ ಆಗಿನ ಪಿಸಿಗಳ ಡಾಸ್‌ಗೆ ಬೇರೆಯೇ ಒಂದು ಆವೃತ್ತಿ ಬರೆದರು, ಆಮೇಲೆ ಮೂಲ ಲಿಂಕ್ಸ್‌ಗೂ ಕೈಜೋಡಿಸಿದರು. ಇವರೆಲ್ಲ ತಮ್ಮ ಮೇಜಿನ ಮೇಲಿನ ತೊಂದರೆ ಬಗೆಹರಿಸಿಕೊಳ್ಳಲು ಬಂದವರು. ಬಂದವರು ಉಳಿದರು.

ಎರಡನೆಯ ಕಾರಣ ಕಾಗದದ್ದು. ಅದು ಇನ್ನೂ ಮುಖ್ಯ. ಲಿಂಕ್ಸ್‌ನ ಹಕ್ಕು ವಿಶ್ವವಿದ್ಯಾಲಯದ್ದು. 1995ರಲ್ಲಿ ಅದನ್ನು ಗ್ನೂ ಜಿಪಿಎಲ್ ಪರವಾನಗಿಯಲ್ಲಿ ಬಿಟ್ಟರು. ಅಂದರೆ ಯಾರು ಬೇಕಾದರೂ ತಿದ್ದಬಹುದು, ಹಂಚಬಹುದು, ಆದರೆ ತಿದ್ದಿದ್ದನ್ನು ಹಂಚುವವರು ಅದೇ ಹಕ್ಕನ್ನು ಮುಂದಿನವರಿಗೂ ಕೊಡಬೇಕು. ಇನ್ನು ಮೇಲೆ ಕ್ಯಾನ್ಸಸ್‌ನಲ್ಲಿ ಯಾರೂ ಇಲ್ಲದಿದ್ದರೂ ನಡೆಯುತ್ತದೆ. ಮನೆ ಕಟ್ಟಿದವರು ಕೀಲಿಕೈಯನ್ನು ಊರಿನ ಚಾವಡಿಯಲ್ಲಿ ಇಟ್ಟು ಹೋದ ಹಾಗೆ. ಬರೆದವರು ಹೊರಡುವ ಹೊತ್ತಿಗೆ ಈ ಕೆಲಸ ಆಗದೇ ಇದ್ದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಕೆಟ್ಟ ಎಚ್‌ಟಿಎಂಎಲ್ ಓದುವ ಕಷ್ಟ

ಹೊಸ ಕೈಗಳಿಗೆ ಸಿಕ್ಕ ಮೊದಲ ದೊಡ್ಡ ತಲೆನೋವು ಚಿತ್ರಗಳದ್ದಲ್ಲ. ತಪ್ಪು ತಪ್ಪಾಗಿ ಬರೆದ ಪುಟಗಳದ್ದು.

ಎಚ್‌ಟಿಎಂಎಲ್‌ಗೆ ವ್ಯಾಕರಣ ಇದೆ. ಟ್ಯಾಗ್ ಅಂದರೆ ಇದು ಶೀರ್ಷಿಕೆ, ಇದು ಪಟ್ಟಿ ಅಂತ ಹೇಳುವ ಗುರುತು. ತೆರೆದ ಟ್ಯಾಗ್ ಮುಚ್ಚಬೇಕು. ಪಟ್ಟಿಯ ಅಂಶ ಪಟ್ಟಿಯ ಒಳಗಿರಬೇಕು. ಆದರೆ ನೆಟ್‌ಸ್ಕೇಪ್‌ನಂಥ ಬ್ರೌಸರ್‌ಗಳು ಏನು ಬರೆದರೂ ಹೇಗೋ ತೋರಿಸಿಬಿಡುತ್ತಿದ್ದವು. ಪುಟ ಬರೆದವರು ಪರದೆಯಲ್ಲಿ ಸರಿ ಕಾಣುತ್ತಿದೆಯಲ್ಲ ಅಂತ ಅಲ್ಲಿಗೆ ಬಿಟ್ಟರು. ಅದೇ ಪುಟ ವ್ಯಾಕರಣ ನೋಡಿ ಓದುವ ಲಿಂಕ್ಸ್‌ನಲ್ಲಿ ಅರ್ಧಕ್ಕೆ ಮುರಿದು ಬೀಳುತ್ತಿತ್ತು. ಓದುಗರ ಕಣ್ಣಿಗೆ ತಪ್ಪು ಲಿಂಕ್ಸ್‌ನದೇ.

ಇದಕ್ಕೆ ತಂಡ ಕಂಡುಕೊಂಡ ದಾರಿ ಬಲು ಚೆನ್ನ. ಪುಟ ಓದುವ ಎರಡು ಬಗೆಯನ್ನು ಲಿಂಕ್ಸ್‌ನಲ್ಲೇ ಇಟ್ಟರು. ಒಂದು, ತಕ್ಕಮಟ್ಟಿಗೆ ವ್ಯಾಕರಣ ನೋಡಿ ಓದುವ ಬಗೆ. ಇನ್ನೊಂದಕ್ಕೆ ‘ಟ್ಯಾಗ್ ಸೂಪ್’ ಅಂತ ಹೆಸರು, ಟ್ಯಾಗ್‌ಗಳನ್ನೆಲ್ಲ ಸಾರಿನ ಹಾಗೆ ಕಲಸಿದ ಪುಟಕ್ಕೆ. ಕಂಟ್ರೋಲ್ ಮತ್ತು ವಿ ಕೀ ಒಟ್ಟಿಗೆ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹಾರಬಹುದು. ಒಂದರಲ್ಲಿ ಕಾಣದ ವಿಷಯ ಇನ್ನೊಂದರಲ್ಲಿ ಎದ್ದು ಬರುತ್ತದೆ. ಜೊತೆಗೆ ಪುಟ ತೀರಾ ಹದಗೆಟ್ಟಿದ್ದರೆ ‘ಕೆಟ್ಟ ಎಚ್‌ಟಿಎಂಎಲ್’ ಅಂತ ಪರದೆಯ ತಳದಲ್ಲಿ ನೇರವಾಗಿ ಬರೆಯುತ್ತದೆ. ಈ ನೇರಮಾತು ನನಗೆ ಹಿಡಿಸುತ್ತದೆ. ಓದುಗರಿಗೂ ಸಹಾಯ, ತಾಣ ಮಾಡಿದವರಿಗೂ ಎಚ್ಚರಿಕೆ.

ಚಿತ್ರದ ವಿಷಯದಲ್ಲೂ ಹೀಗೆಯೇ. ಚಿತ್ರಕ್ಕೆ ಬದಲಿ ಪಠ್ಯ ಕೊಟ್ಟಿದ್ದರೆ ಲಿಂಕ್ಸ್ ಅದನ್ನು ತೋರಿಸುತ್ತದೆ. ಕೊಟ್ಟಿಲ್ಲವಾದರೆ ಚೌಕ ಆವರಣದೊಳಗೆ ಚಿತ್ರದ ಕಡತದ ಹೆಸರೋ, ಇಲ್ಲೊಂದು ಚಿತ್ರ ಇದೆ ಅನ್ನುವ ಗುರುತೋ ಬರುತ್ತದೆ. ಮೆನು ಪೂರ್ತಿ ಚಿತ್ರಗಳಲ್ಲೇ ಮಾಡಿದ ತಾಣವನ್ನು ಲಿಂಕ್ಸ್‌ನಲ್ಲಿ ತೆರೆದರೆ ಆ ತಾಣ ಎಷ್ಟು ಟೊಳ್ಳು ಅಂತ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ. ಗೂಗಲ್ ಕೂಡ ವರ್ಷಗಟ್ಟಲೆ ತಾಣ ನಡೆಸುವವರಿಗೆ ಇದನ್ನೇ ಹೇಳುತ್ತಿತ್ತು: ನಿಮ್ಮ ತಾಣವನ್ನು ಲಿಂಕ್ಸ್‌ನಂಥ ಪಠ್ಯ ಬ್ರೌಸರ್‌ನಲ್ಲಿ ತೆರೆದು ನೋಡಿ, ನಮ್ಮ ಯಂತ್ರಕ್ಕೂ ಅದು ಹೆಚ್ಚುಕಡಿಮೆ ಹಾಗೇ ಕಾಣುತ್ತದೆ ಅಂತ.

ಕಣ್ಣು ಕಾಣದವರ ವಿಷಯ ಇಲ್ಲೇ ಬರುತ್ತದೆ. ಪರದೆಯ ಮೇಲಿರುವುದನ್ನು ದನಿಯಾಗಿ ಓದುವ ಸಾಫ್ಟ್‌ವೇರ್‌ಗೆ, ಬ್ರೈಲ್ ಪಟ್ಟಿಗೆ ಬೇಕಿರುವುದು ಸಾಲುಸಾಲಾಗಿ ಬರುವ ಅಕ್ಷರ. ಲಿಂಕ್ಸ್ ಕೊಡುವುದೇ ಅದನ್ನು. ತಂಡ ಅಲ್ಲಿಗೇ ನಿಲ್ಲಲಿಲ್ಲ. ಈಗ ಆರಿಸಿರುವ ಕೊಂಡಿಯ ಮೇಲೆಯೇ ಕರ್ಸರ್ ನಿಲ್ಲಿಸುವ ಒಂದು ಆಯ್ಕೆ ಇಟ್ಟರು. ದನಿಯ ಸಾಫ್ಟ್‌ವೇರ್ ಕರ್ಸರ್ ಇರುವ ಕಡೆ ಓದುತ್ತದೆ, ಹಾಗಾಗಿ ಯಾವ ಕೊಂಡಿ ಅಂತ ಕೇಳಿಸುತ್ತದೆ. ಇನ್ನೊಂದು ಆಯ್ಕೆಯಲ್ಲಿ ಪ್ರತಿ ಕೊಂಡಿಗೂ ಒಂದು ಸಂಖ್ಯೆ. ಹದಿನೇಳನೇ ಕೊಂಡಿ ಬೇಕಾದರೆ ಹದಿನಾರು ಸಲ ಬಾಣ ಒತ್ತಬೇಕಿಲ್ಲ, 17 ಅಂತ ಒತ್ತಿ ಎಂಟರ್ ಕೊಟ್ಟರೆ ಸಾಕು.

ಕುಕಿಯ ವಿಷಯದಲ್ಲೂ ಇದೇ ನಡತೆ. ಮೊಂಟುಲ್ಲಿ ಬೇರೆ ಕಡೆ ಹೋಗಿ ಕಂಡುಹಿಡಿದ ಕುಕಿಯನ್ನು ಆಮೇಲೆ ಬಂದವರು ಲಿಂಕ್ಸ್‌ಗೂ ತಂದರು. ಆದರೆ ಮೊದಲಿನಿಂದಲೂ ಅದು ಕೇಳಿಯೇ ತೆಗೆದುಕೊಳ್ಳುತ್ತದೆ. ಈ ತಾಣ ಇಂಥ ಕುಕಿ ಇಡುತ್ತೇನೆ ಅನ್ನುತ್ತಿದೆ, ಇಡಲಾ, ಬೇಡವಾ, ಯಾವಾಗಲೂ ಇಡಲಾ, ಎಂದೂ ಬೇಡವಾ ಅಂತ ಪರದೆಯ ತಳದಲ್ಲಿ ಒಂದು ಸಾಲು.

ನಮ್ಮ ಕಡೆಯ ಫೋನ್ ತಂತಿ, ನಮ್ಮ ಅಕ್ಷರ

ಭಾರತಕ್ಕೂ ಲಿಂಕ್ಸ್‌ಗೂ ಒಂದು ನೇರ ನಂಟು ಇದೆ. 1995ರ ಆಗಸ್ಟ್ 15ರಂದು ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿತು. ಚಿತ್ರ ಸಮೇತ ವೆಬ್ ನೋಡುವ ಸಂಪರ್ಕ ಬಲು ದುಬಾರಿ. ಅದಕ್ಕಿಂತ ಅಗ್ಗದ್ದು ಶೆಲ್ ಅಕೌಂಟ್, ವಿದ್ಯಾರ್ಥಿಗಳಿಗೆ ಇನ್ನೂ ಅಗ್ಗ. ಶೆಲ್ ಅಕೌಂಟ್ ಅಂದರೆ ನಿಮ್ಮ ಮನೆಯ ಕಂಪ್ಯೂಟರ್ ಇಂಟರ್ನೆಟ್‌ಗೆ ಸೇರುವುದಿಲ್ಲ. ಮೋಡೆಮ್ ಹಾಕಿ ಫೋನ್ ಮಾಡಿ ಅವರ ಯುನಿಕ್ಸ್ ಯಂತ್ರದೊಳಗೆ ಲಾಗಿನ್ ಆಗುತ್ತೀರಿ. ಅಲ್ಲಿ ಅಂಚೆಗೆ ಪೈನ್, ವೆಬ್‌ಗೆ ಲಿಂಕ್ಸ್. ಚಿತ್ರ ಬೇಕೇ ಬೇಕು ಅಂದರೆ ಡಿ ಕೀ ಒತ್ತಿ ಅದನ್ನು ಮೊದಲು ಅವರ ಯಂತ್ರಕ್ಕೆ ಇಳಿಸಿಕೊಂಡು, ಅಲ್ಲಿಂದ ಮತ್ತೆ ಮನೆಯ ಯಂತ್ರಕ್ಕೆ ತಂದುಕೊಳ್ಳಬೇಕು. ಬೆಂಗಳೂರಿನಲ್ಲೂ ಆ ಕಾಲದ ಎಷ್ಟೋ ಎಂಜಿನಿಯರಿಂಗ್ ಹುಡುಗ ಹುಡುಗಿಯರು ವೆಬ್ ಅನ್ನು ಮೊದಲು ನೋಡಿದ್ದು ಕಪ್ಪು ಪರದೆಯ ಮೇಲಿನ ಅಕ್ಷರಗಳಲ್ಲೇ. ಅವರು ಅದನ್ನು ಕೊರತೆ ಅಂತ ನೋಡಲಿಲ್ಲ. ಜಗತ್ತಿನ ಯಾವುದೋ ವಿಶ್ವವಿದ್ಯಾಲಯದ ಪಾಠ ಓದಲು ಸಿಗುತ್ತಿತ್ತು, ಅದೇ ಹೆಚ್ಚು.

ಆದರೆ ಕನ್ನಡ ಓದಲು ಆಗುತ್ತಿರಲಿಲ್ಲ. ಇದರಲ್ಲಿ ಲಿಂಕ್ಸ್‌ನ ತಪ್ಪಿರಲಿಲ್ಲ. ಆಗಿನ ಕನ್ನಡ ತಾಣಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್‌ಗಳನ್ನು ನಂಬಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಲಿಂಕ್ಸ್‌ಗೆ ಫಾಂಟ್ ಅನ್ನುವುದೇ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಅಕ್ಷರದ ಸಂಕೇತ, ಅಂದರೆ ಆ ಅಕ್ಷರಕ್ಕೆ ಕೊಟ್ಟ ಸಂಖ್ಯೆ, ಮಾತ್ರ.

ಆ ಸಂಕೇತಗಳ ಕೆಲಸವನ್ನು ಎತ್ತಿಕೊಂಡವರಲ್ಲಿ ಮುಖ್ಯರು ಕ್ಲೌಸ್ ವೈಡೆ, ಇಂಗ್ಲಿಷ್ ಇನಿಷಿಯಲ್ ಕೆಡಬ್ಲ್ಯು. 1990ರ ದಶಕದ ನಡುವಿನಲ್ಲಿ ಅವರು ಮಾಡಿದ್ದು ತುಂಬಾ ತಾಳ್ಮೆ ಬೇಡುವ ಕೆಲಸ. ಪುಟ ಒಂದು ಸಂಕೇತದಲ್ಲಿ ಬರುತ್ತದೆ, ಓದುಗರ ಪರದೆಗೆ ಇನ್ನೊಂದು ಸಂಕೇತ ಮಾತ್ರ ಗೊತ್ತು. ಎರಡರ ಮಧ್ಯೆ ಜಗತ್ತಿನ ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯುನಿಕೋಡ್ ಇಟ್ಟು, ಯಾವುದರಿಂದ ಯಾವುದಕ್ಕೆ ಬೇಕಾದರೂ ಬದಲಿಸುವ ಕೋಷ್ಟಕಗಳನ್ನು ಕಟ್ಟಿದರು. ರಷ್ಯನ್ ಓದುವವರಿಗೆ, ಪೋಲಿಷ್ ಓದುವವರಿಗೆ ಇದರಿಂದ ದಾರಿ ಸಿಕ್ಕಿತು. ಯುನಿಕೋಡ್ ಅನ್ನು ಕಡತದಲ್ಲಿ ಬರೆಯುವ ರೀತಿಯಾದ ಯುಟಿಎಫ್-8ಕ್ಕೂ ಬಾಗಿಲು ತೆರೆಯಿತು. ಅದೇ ಬಾಗಿಲಿನಿಂದ ಕೆಲವು ವರ್ಷದ ಮೇಲೆ ಕನ್ನಡವೂ ಒಳಗೆ ಬಂತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಮೊದಲಿನಿಂದಲೂ ಯುನಿಕೋಡ್, ಅದನ್ನು ಲಿಂಕ್ಸ್‌ನಲ್ಲಿ ತೆರೆಯಬಹುದು.

ತೆರೆಯಬಹುದು ಅಂದೆ, ಚೆಂದ ಕಾಣುತ್ತದೆ ಅನ್ನಲಿಲ್ಲ. ಲಿಂಕ್ಸ್ ನಡೆಯುವ ಟರ್ಮಿನಲ್, ಅಂದರೆ ಬರೀ ಅಕ್ಷರದ ಪರದೆ, ಚೌಕುಳಿ ಹಾಳೆ ಇದ್ದ ಹಾಗೆ. ಒಂದು ಖಾನೆಗೆ ಒಂದು ಅಕ್ಷರ. ‘ಸ್ತ್ರೀ’ ಅನ್ನುವುದನ್ನು ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡ್‌ನಲ್ಲಿ ಅದು ಆರು ಸಂಕೇತ: ಸ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ), ತ, ವಿರಾಮ, ರ, ದೀರ್ಘ ಈ ಚಿಹ್ನೆ. ಸಾಮಾನ್ಯವಾಗಿ ವಿರಾಮಕ್ಕೆ ಸೊನ್ನೆ ಖಾನೆ, ಉಳಿದವಕ್ಕೆ ಒಂದೊಂದು. ಒಟ್ಟು ನಾಲ್ಕು ಖಾನೆ. ಪರದೆ ನಾಲ್ಕು ಖಾನೆ ಬಿಟ್ಟು, ಒತ್ತಕ್ಷರವನ್ನು ಕೂಡಿಸಿ ಬರೆದರೆ ಮಧ್ಯೆ ಜಾಗ ಉಳಿಯುತ್ತದೆ. ಕೂಡಿಸದೆ ಬರೆದರೆ ಅಕ್ಷರ ಒಡೆಯುತ್ತದೆ. ಇದು ಲಿಂಕ್ಸ್ ಒಂದರಿಂದ ಸರಿಹೋಗುವ ಕೆಲಸ ಅಲ್ಲ, ಟರ್ಮಿನಲ್ ಸಾಫ್ಟ್‌ವೇರ್ ಬರೆಯುವವರೂ ಸೇರಬೇಕು. ಕನ್ನಡದ ಹುಡುಗರು ಯಾರಾದರೂ ಇದಕ್ಕೆ ಕೈಹಾಕಿದರೆ ಎಷ್ಟು ಚೆನ್ನ ಅಂತ ನನಗೆ ಆಸೆ. ನಮ್ಮ ಅಕ್ಷರದ ಕಷ್ಟ ನಮಗೆ ತಾನೆ ಗೊತ್ತು.

ಜಾವಾಸ್ಕ್ರಿಪ್ಟ್ ಬೇಡ ಅಂದದ್ದು

ಲಿಂಕ್ಸ್ ಒಂದೇ ಪಠ್ಯ ಬ್ರೌಸರ್ ಅಲ್ಲ. ಜಪಾನಿನಲ್ಲಿ ಡಬ್ಲ್ಯು3ಎಂ ಬಂತು. ಕೋಷ್ಟಕಗಳನ್ನು ಅದು ಲಿಂಕ್ಸ್‌ಗಿಂತ ಎಷ್ಟೋ ಚೆನ್ನಾಗಿ ತೋರಿಸುತ್ತದೆ, ಇದನ್ನು ಒಪ್ಪಲೇಬೇಕು. ಚೆಕ್ ದೇಶದಲ್ಲಿ ಮಿಕುಲಾಶ್ ಪಾತೊಚ್ಕಾ ಇನ್ನೊಂದು ಬರೆದರು, ಅದರ ಹೆಸರೂ ಕಿವಿಗೆ ಲಿಂಕ್ಸ್ ಅಂತಲೇ ಕೇಳುತ್ತದೆ. ಅದರಿಂದ ಕವಲೊಡೆದು ಇಲಿಂಕ್ಸ್ ಬಂತು.

ಈ ಕೊನೆಯ ಎರಡೂ ಜಾವಾಸ್ಕ್ರಿಪ್ಟ್‌ಗೆ, ಅಂದರೆ ಪುಟದೊಳಗೇ ಪ್ರೋಗ್ರಾಂ ಓಡಿಸುವ ಭಾಷೆಗೆ, ಕೈಹಾಕಿದವು. ಚೆಕ್ ಬ್ರೌಸರ್ ಅದನ್ನು ಸೇರಿಸಿ ಆಮೇಲೆ ತೆಗೆದುಹಾಕಿತು. ಇಲಿಂಕ್ಸ್ ಮೊಜಿಲ್ಲಾದ ಜಾವಾಸ್ಕ್ರಿಪ್ಟ್ ಎಂಜಿನ್ ಅನ್ನು ಒಳಗೆ ಕೂರಿಸಿಕೊಂಡಿತು. 2012ರ ಹೊತ್ತಿಗೆ ಅದರ ಕೆಲಸ ನಿಂತಂತಾಯಿತು, ಮುಂದೆ ಬೇರೆಯವರು ಕವಲು ತೆಗೆದು ಮುಂದುವರಿಸಬೇಕಾಯಿತು. ಲಿಂಕ್ಸ್ ಮಾತ್ರ ಆ ಕಡೆ ಹೋಗಲೇ ಇಲ್ಲ.

ಇದು ಸರಿಯೋ ತಪ್ಪೋ? ನನ್ನ ಅಭಿಪ್ರಾಯ ಹೇಳುತ್ತೇನೆ. ಸರಿ. ಜಾವಾಸ್ಕ್ರಿಪ್ಟ್ ಅಂದರೆ ಒಂದು ಸೌಲಭ್ಯ ಸೇರಿಸಿ ಮರೆತುಬಿಡುವಂಥದ್ದಲ್ಲ. ಅದು ಪ್ರತಿವರ್ಷ ಬೆಳೆಯುತ್ತದೆ. ಅದರ ಹಿಂದೆ ಓಡಲು ನೂರಾರು ಜನ ಸಂಬಳಕ್ಕೆ ಕೆಲಸ ಮಾಡುವ ಕಂಪನಿಗಳಿವೆ. ಬಿಡುವಿನಲ್ಲಿ ಕೂತು ಕೋಡ್ ತಿದ್ದುವ ಐದಾರು ಜನ ಆ ಓಟಕ್ಕೆ ಇಳಿದರೆ ಇದ್ದದ್ದೂ ಹೋಗುತ್ತಿತ್ತು. ಇದರಿಂದ ಲಿಂಕ್ಸ್ ಕಳೆದುಕೊಂಡದ್ದೂ ದೊಡ್ಡದೇ. ಬ್ಯಾಂಕ್ ತಾಣ ತೆರೆಯುವುದಿಲ್ಲ, ರೈಲು ಟಿಕೆಟ್ ಸಿಗುವುದಿಲ್ಲ. 2025ರ ಜನವರಿಯಿಂದ ಗೂಗಲ್ ಹುಡುಕಾಟಕ್ಕೇ ಜಾವಾಸ್ಕ್ರಿಪ್ಟ್ ಕಡ್ಡಾಯವಾಯಿತು. ಒಂದು ಕಾಲಕ್ಕೆ ಲಿಂಕ್ಸ್‌ನಲ್ಲಿ ತೆರೆದು ನೋಡಿ ಅಂದ ಕಂಪನಿಯೇ ಬಾಗಿಲು ಹಾಕಿಕೊಂಡದ್ದು ನನಗೆ ನೋವು ತಂದಿದೆ. ಡಕ್‌ಡಕ್‌ಗೋ ಇನ್ನೂ ಜಾವಾಸ್ಕ್ರಿಪ್ಟ್ ಇಲ್ಲದ ಪುಟವನ್ನು ಇಟ್ಟಿದೆ, ಲಿಂಕ್ಸ್‌ನಲ್ಲಿ ಹುಡುಕುವವರು ಅದನ್ನೇ ಬಳಸುತ್ತಾರೆ.

ಟಿಡಿ

ಈಗ ಈ ಬ್ರೌಸರ್ ಥಾಮಸ್ ಡಿಕಿ ಅವರ ಕೈಯಲ್ಲಿದೆ. 1990ರ ದಶಕದ ಕೊನೆಯಿಂದಲೂ ಸ್ವಯಂಸೇವಕರ ತಂಡವನ್ನು ನಡೆಸುತ್ತಿರುವವರು ಅವರೇ. ಟರ್ಮಿನಲ್ ಬಳಸುವ ಬಹಳಷ್ಟು ಜನ, ಹೆಸರು ಗೊತ್ತಿಲ್ಲದಿದ್ದರೂ, ಅವರ ಕೆಲಸ ಬಳಸುತ್ತಿದ್ದಾರೆ. ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಸಾಫ್ಟ್‌ವೇರ್ ಅವರು ನೋಡಿಕೊಳ್ಳುವುದು. ಪರದೆಯ ಮೇಲೆ ಅಕ್ಷರ ಕೂರಿಸುವ ಎನ್‌ಕರ್ಸಸ್ ಕೂಡ ಅವರೇ.

ಅವರ ಕಾಲದ ಲಿಂಕ್ಸ್ ಇತಿಹಾಸದಲ್ಲಿ ಹೊಸ ಸೌಲಭ್ಯಗಳ ಸಂಭ್ರಮ ಕಡಿಮೆ, ದುರಸ್ತಿ ಜಾಸ್ತಿ. ಒಂದು ಉದಾಹರಣೆ ಗೂಢಲಿಪಿಯದು. 1990ರ ದಶಕದಲ್ಲಿ ಗಟ್ಟಿ ಗೂಢಲಿಪಿ ಇರುವ ಸಾಫ್ಟ್‌ವೇರ್ ಅನ್ನು ಹೊರದೇಶಕ್ಕೆ ಕಳಿಸಲು ಅಮೆರಿಕದ ಕಾನೂನು ಬಿಡುತ್ತಿರಲಿಲ್ಲ. ಹಾಗಾಗಿ ಸುರಕ್ಷಿತ ಸಂಪರ್ಕದ ಕೋಡ್ ಲಿಂಕ್ಸ್‌ನ ಜೊತೆ ಬರುತ್ತಿರಲಿಲ್ಲ, ಬೇರೆ ಪ್ಯಾಚ್ ಆಗಿ, ಅಂದರೆ ಆಮೇಲೆ ಅಂಟಿಸಿಕೊಳ್ಳುವ ತುಣುಕಾಗಿ, ಸಿಗುತ್ತಿತ್ತು. ಕಾನೂನು ಸಡಿಲವಾದ ಮೇಲೆ ಒಳಗೆ ಸೇರಿತು. ಆದರೆ ಪರವಾನಗಿಯ ಗಂಟು ಉಳಿಯಿತು. ಜಿಪಿಎಲ್‌ಗೂ ಗೂಢಲಿಪಿಯ ಕೋಡ್ ಸಂಗ್ರಹವಾದ ಓಪನ್‌ಎಸ್‌ಎಸ್‌ಎಲ್‌ನ ಹಳೆಯ ಪರವಾನಗಿಗೂ ಕೂಡಿಬರುವುದಿಲ್ಲ. ಪರವಾನಗಿಯನ್ನೇ ಬದಲಿಸೋಣ ಅಂದರೆ ವರ್ಷಗಳಿಂದ ಕೋಡ್ ಕೊಟ್ಟ ಪ್ರತಿಯೊಬ್ಬರ ಒಪ್ಪಿಗೆ ಬೇಕು. ಅವರನ್ನೆಲ್ಲ ಎಲ್ಲಿ ಹುಡುಕುವುದು? ಲಿನಕ್ಸ್ ಹಂಚುವ ಡೆಬಿಯನ್‌ನವರು ಅದರ ಬದಲು ಗ್ನೂಟಿಎಲ್‌ಎಸ್ ಎಂಬ ಇನ್ನೊಂದು ಸಂಗ್ರಹ ಜೋಡಿಸಿ ಲಿಂಕ್ಸ್ ಹಂಚುತ್ತಾರೆ. ಊರಿನ ಚಾವಡಿಯಲ್ಲಿಟ್ಟ ಕೀಲಿಕೈಗೆ ಈ ತೊಡಕೂ ಇದೆ: ಬೀಗ ಬದಲಿಸಬೇಕೆಂದರೆ ಊರಿಗೆ ಊರೇ ಬರಬೇಕು.

ಹಳೆಯ ಕೋಡ್ ಅಂದ ಮೇಲೆ ಹಳೆಯ ತೂತುಗಳೂ ಇರುತ್ತವೆ. 2014ರಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನ ತಂಡ ತನ್ನ ಮೂಲ ವ್ಯವಸ್ಥೆಯಿಂದ ಲಿಂಕ್ಸ್ ಅನ್ನು ಹೊರಗಿಟ್ಟಿತು. ಬೇಕಾದವರು ಬೇರೆ ಹಾಕಿಕೊಳ್ಳಿ ಅಂದರು. ಭದ್ರತೆಯೇ ಮೊದಲು ಅನ್ನುವ ತಂಡ ಅದು, ಅವರ ಅನುಮಾನವನ್ನು ತಳ್ಳಿಹಾಕುವಂತಿಲ್ಲ. 2021ರಲ್ಲಿ ಸಿಕ್ಕ ಒಂದು ದೋಷವನ್ನೇ ನೋಡಿ. ತಾಣದ ವಿಳಾಸದೊಳಗೇ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಬರೆಯುವ ಹಳೆಯ ರೂಢಿ ಇದೆ. ಸುರಕ್ಷಿತ ಸಂಪರ್ಕ ಶುರುವಾಗುವಾಗ ಬ್ರೌಸರ್ ತನಗೆ ಯಾವ ತಾಣ ಬೇಕು ಅಂತ ಸರ್ವರ್‌ಗೆ ಮೊದಲು ಹೇಳಬೇಕು. ಆ ಮಾತಿಗೆ ಗೂಢಲಿಪಿಯ ರಕ್ಷಣೆ ಇರುವುದಿಲ್ಲ. ಲಿಂಕ್ಸ್ ತಾಣದ ಹೆಸರಷ್ಟೇ ಕಳಿಸುವ ಬದಲು ಮುಂದಿದ್ದ ಪಾಸ್‌ವರ್ಡ್ ಅನ್ನೂ ಸೇರಿಸಿ ಕಳಿಸುತ್ತಿತ್ತು. ದಾರಿಯಲ್ಲಿ ಕೂತು ಕೇಳಿಸಿಕೊಳ್ಳುವ ಯಾರಿಗಾದರೂ ಅದು ಕಾಣುತ್ತದೆ. 2.8.9ರವರೆಗಿನ ಆವೃತ್ತಿಗಳಲ್ಲಿ ಇದು ಇತ್ತು. ವಿಷಯ ಹೊರಬಿದ್ದ ಕೂಡಲೇ ತಿದ್ದಿದರು.

ಇದನ್ನು ನಾನು ಮುಚ್ಚಿಡದೆ ಬರೆಯುತ್ತಿರುವುದು ಒಂದು ಕಾರಣಕ್ಕೆ. ವಿಳಾಸ ಬರೆಯುವ ಆ ರೂಢಿ ಹಳೆಯದು. ತಾಣದ ಹೆಸರನ್ನು ಮೊದಲೇ ಹೇಳುವ ಪದ್ಧತಿ ಎಷ್ಟೋ ವರ್ಷದ ಮೇಲೆ ಬಂದದ್ದು. ಎರಡು ಬೇರೆ ಕಾಲದ ಕೋಡ್ ಒಂದಕ್ಕೊಂದು ಹೊಲಿದ ಜಾಗದಲ್ಲಿ ಹರಿದಿತ್ತು. ಹೊಸದಾಗಿ ಬರೆಯುವವರಿಗೆ ಇಂಥ ಹೊಲಿಗೆ ಇರುವುದಿಲ್ಲ. ಮೂವತ್ತು ವರ್ಷದ ಬಟ್ಟೆ ಹೊಲಿಯುತ್ತಾ ಕೂತವರಿಗೆ ಮಾತ್ರ ಇರುತ್ತದೆ.

2.8.9 ಬಂದದ್ದು 2018ರಲ್ಲಿ. ಆಮೇಲೆ 2.9.0 ಬಂದದ್ದು 2024ರ ಜನವರಿಯಲ್ಲಿ, ಅದೇ ವರ್ಷ 2.9.2 ಕೂಡ ಬಂತು.

ಲಿಂಕ್ಸ್‌ನ ಮೂಲ ಕೋಡ್ ಇಳಿಸಿಕೊಂಡರೆ ಅದರ ಜೊತೆ ಬದಲಾವಣೆಗಳ ಕಡತಗಳು ಬರುತ್ತವೆ. ಹೊಸದು ಮೇಲೆ, ಹಳೆಯದು ಕೆಳಗೆ. ಪ್ರತಿ ಬದಲಾವಣೆಯ ಕೊನೆಗೆ ಅದನ್ನು ಮಾಡಿದವರ ಇನಿಷಿಯಲ್ ಇದೆ. ನಾನು ಒಂದು ಸಂಜೆ ಅದನ್ನು ಲಿಂಕ್ಸ್‌ನಲ್ಲೇ ತೆರೆದು ಸ್ಪೇಸ್ ಒತ್ತುತ್ತಾ ಹೋದೆ. ಪುಟದ ಮೇಲೆ ಪುಟ ಟಿಡಿ, ಟಿಡಿ, ಟಿಡಿ. ಮಧ್ಯೆ ಮಧ್ಯೆ ದೋಷ ಕಂಡು ತಿಳಿಸಿದವರ, ಪ್ಯಾಚ್ ಕಳಿಸಿದವರ ಹೆಸರು. ಹಳೆಯ ಕಡತಗಳಿಗೆ ಇಳಿದ ಹಾಗೆ ಕೆಡಬ್ಲ್ಯು ಬರಲು ಶುರುವಾಯಿತು. ಇನ್ನೂ ಕೆಳಗೆ, 1996ರ ಹತ್ತಿರ, ಎಫ್‌ಎಂ.